ಇಪ್ಪತ್ತು ಸೆಂಟಿಮೀಟರ್ ಟೇಪು: ಎರಡು ಪ್ರತಿಗಳಿಂದ ಒಂದು ಯಕ್ಷಗಾನ ಆಟದ ವಿಡಿಯೊ ಸರಿಪಡಿಸಿದ ದಾಖಲೆ

1994ರ ಬೇಸಿಗೆಯಲ್ಲಿ, ನಮ್ಮ ಮನೆಯ ಮುಂದಿನ ಕೊಯ್ಲಾದ ಗದ್ದೆಯಲ್ಲಿ ನಡೆದ ಯಕ್ಷಗಾನದ ಹರಕೆಯಾಟವನ್ನು ತಂದೆಯವರು ಊರಿನ ವಿಡಿಯೊಗ್ರಾಫರ್ ಒಬ್ಬರಿಂದ ಮೂರು ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಚಿತ್ರೀಕರಣ ಮಾಡಿಸಿದ್ದರು. ಮೂರನೆಯದು ಬೆಳಗಿನ ಜಾವದ್ದು. ವೈಶಂಪಾಯನ ಸರೋವರದಲ್ಲಿ ಅಡಗಿದ ಕೌರವ ಭೀಮನ ಮೂದಲಿಕೆಯನ್ನು ಕೇಳಿ ಎದ್ದು ಬರುವ ಸಂದರ್ಭ ಅದರಲ್ಲಿದೆ. ಕೌರವನ ವೇಷ ಮಾಡಿದವರು ನನ್ನ ಅಜ್ಜನ ತಮ್ಮ; ಮನೆಯಲ್ಲಿ ನಾವೆಲ್ಲರೂ ಅವರನ್ನು ಸಣ್ಣಜ್ಜ ಎಂದೇ ಕರೆಯುತ್ತಿದ್ದೆವು. ತಮ್ಮ ಬಾಳಿನ ಬಹುಭಾಗವನ್ನು ಮೇಳದ ತಿರುಗಾಟದಲ್ಲಿಯೇ ಕಳೆದ ಅವರು ರಂಗಸ್ಥಳದಲ್ಲಿ ಕುಣಿಯುವುದನ್ನು ತೋರಿಸುವ ಬೇರೊಂದು ದಾಖಲೆ ನಮ್ಮ ಬಳಿ ಇಲ್ಲ. ಆ ಕ್ಯಾಸೆಟ್ಟು ಎರಡು ಬಗೆಯಲ್ಲಿ ಹಾಳಾಗಿತ್ತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕರಾವಳಿಯ ಮನೆಯ ಮರದ ಕಪಾಟಿನಲ್ಲಿ ಕುಳಿತು ಅದಕ್ಕೆ ಬೂಷ್ಟು ಹಿಡಿದಿತ್ತು. ಅದಕ್ಕಿಂತ ಮೊದಲು, ಡಿವಿಡಿ ಮಾಡಿಸಲೆಂದು ಕೊಟ್ಟಿದ್ದ ಒಂದು ಅಂಗಡಿಯ ಯಂತ್ರಕ್ಕೆ ಸಿಕ್ಕಿ ಒಂದೆಡೆ ಟೇಪು ಮುದುಡಿಹೋಗಿತ್ತು. ಮುದುಡಿದ ಜಾಗ ನಿಖರವಾಗಿ ಕೌರವ ಏಳುವ ಜಾಗವೇ ಆಗಿತ್ತು.

ಈ ಕೆಲಸಕ್ಕೆ ಕೈಹಾಕುವಂತಾದದ್ದು ಬಳ್ಳಾರಿಯಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಅದೇ ಮೂರನೆಯ ಕ್ಯಾಸೆಟ್ಟಿನ ಪ್ರತಿಯೊಂದು ಇದೆ ಎಂದು ತಿಳಿದ ಮೇಲೆ. ಆಟ ನಡೆದ ಕೆಲವೇ ವಾರಗಳಲ್ಲಿ ಎರಡು ವಿಸಿಆರ್‌ಗಳನ್ನು ತಂತಿಯಿಂದ ಜೋಡಿಸಿ ತೆಗೆದಿದ್ದ ಪ್ರತಿ ಅದು. ನಾನು ಫೋನಿನಲ್ಲಿ ವಿಚಾರಿಸಿದಾಗ ಚಿಕ್ಕಮ್ಮ, “ಸಣ್ಣಜ್ಜನ ಕ್ಯಾಸೆಟ್ಟು ಅಲ್ವಾ ಮಾರಾಯ, ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಉಂಟು, ಬಿಸಾಡಲಿಕ್ಕೆ ನಿನ್ನ ಚಿಕ್ಕಪ್ಪ ಬಿಟ್ಟರಲ್ಲವೋ” ಎಂದರು. ಬಳ್ಳಾರಿಯ ಮಳೆ ನಮ್ಮ ಮಳೆಯ ಐದನೇ ಒಂದು ಪಾಲಿಗೂ ಕಡಿಮೆ. ಆ ಒಣ ಹವೆಯಲ್ಲಿ, ಕಬ್ಬಿಣದ ಟ್ರಂಕಿನೊಳಗೆ, ಕ್ಯಾಸೆಟ್ಟಿನ ಮೇಲೆ ಬೂಷ್ಟಿನ ಒಂದು ಚುಕ್ಕೆಯೂ ಬಂದಿರಲಿಲ್ಲ. ಆದರೆ ಅದು ಪ್ರತಿಯ ಮಟ್ಟದ್ದು: ಅಂಚುಗಳು ಮಂಕಾಗಿವೆ, ಬಣ್ಣಗಳು ಗೆರೆ ದಾಟಿ ಹರಡಿವೆ, ದನಿಯಲ್ಲಿ ಹಿಸ್ ಹೆಚ್ಚಿದೆ. ನಮ್ಮಲ್ಲಿದ್ದ ಮೂಲ ಟೇಪು ಗಾಯವಿಲ್ಲದ ಕಡೆ ಅದಕ್ಕಿಂತ ಎಷ್ಟೋ ಸ್ಪಷ್ಟ. ಆದ್ದರಿಂದ ಮೂಲವನ್ನೇ ತಳಹದಿಯಾಗಿ ಇಟ್ಟುಕೊಂಡು, ಅದರಲ್ಲಿ ಕೆಟ್ಟುಹೋದ ಫ್ರೇಮುಗಳ ಜಾಗಕ್ಕೆ ಮಾತ್ರ ಪ್ರತಿಯ ಫ್ರೇಮುಗಳನ್ನು ತಂದು ಕೂರಿಸುವುದೆಂದು ನಿಶ್ಚಯಿಸಿದೆ. ಆರಂಭಿಸುವ ಮೊದಲೇ ನೋಟುಬುಕ್ಕಿನ ಮೊದಲ ಪುಟದಲ್ಲಿ ಒಂದು ನಿಯಮವನ್ನು ಬರೆದುಕೊಂಡೆ: ಕೊನೆಯ ಕಡತದಲ್ಲಿರುವ ಪ್ರತಿಯೊಂದು ಫ್ರೇಮೂ ಆ ರಾತ್ರಿ ಆ ಕ್ಷಣದಲ್ಲಿ ಕ್ಯಾಮೆರಾ ಕಂಡದ್ದೇ ಆಗಿರಬೇಕು, ಮಂಕಾಗಿದ್ದರೂ ಸರಿ, ಯಂತ್ರ ಊಹಿಸಿ ಬರೆದ ಫ್ರೇಮು ಒಂದೂ ಸೇರಕೂಡದು.

ಎರಡೂ ಕ್ಯಾಸೆಟ್ಟುಗಳಲ್ಲಿ ಮೊದಲು ನೋಡಿದ್ದು ಬೆನ್ನಿನ ಮೂಲೆಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಹಲ್ಲನ್ನು. ಅದು ಇರುವವರೆಗೆ ಟೇಪಿನ ಮೇಲೆ ಮತ್ತೆ ರೆಕಾರ್ಡ್ ಆಗಬಹುದು. ಮೂಲದಲ್ಲಿ ಅದನ್ನು ಮುರಿದಿದ್ದರು, ಪ್ರತಿಯಲ್ಲಿ ಹಾಗೆಯೇ ಇತ್ತು; ಯಂತ್ರಕ್ಕೆ ಹಾಕುವ ಮೊದಲೇ ಮುರಿದು ತೆಗೆದೆ. ಒಂದು ಬೆರಳು ತಪ್ಪಿ ಕೆಂಪು ಗುಂಡಿಯ ಮೇಲೆ ಬಿದ್ದರೆ ಹೋಗುವುದು ಮತ್ತೆಂದೂ ಬಾರದು.

ಬೂಷ್ಟು ಹಿಡಿದ ಟೇಪನ್ನು ನೇರವಾಗಿ ಒಳ್ಳೆಯ ವಿಸಿಆರ್‌ಗೆ ಹಾಕುವುದು ದೊಡ್ಡ ತಪ್ಪು. ಬೂಷ್ಟಿನ ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೂಲ ಕ್ಯಾಸೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಎರಡು ವಾರ ಇಟ್ಟೆ. ಹಸಿಯಾಗಿದ್ದಾಗ ಒರೆಸಿದರೆ ಬೂಷ್ಟು ಟೇಪಿನ ಮೇಲೆ ಸವರಿಕೊಳ್ಳುತ್ತದೆ. ಒಣಗಿದರೆ ಪುಡಿಯಾಗಿ ಉದುರುತ್ತದೆ. ಆಮೇಲೆ ಮುಖಗವಸು ಹಾಕಿಕೊಂಡು, ಮನೆಯ ಹೊರಗಿನ ಜಗಲಿಯಲ್ಲಿ ಕುಳಿತು, ತ್ಯಾಗಕ್ಕೆಂದೇ ಕೊಂಡ ಹಳೆಯ ರಿವೈಂಡರ್ ಒಂದರಲ್ಲಿ ಟೇಪನ್ನು ನಿಧಾನವಾಗಿ ಓಡಿಸುತ್ತಾ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ತೋಯಿಸಿದ ನೂಲು ಬಿಡದ ಬಟ್ಟೆಯ ಮಡಿಕೆಯ ನಡುವೆ ಹಾಯಿಸಿದೆ. ಬಟ್ಟೆಯ ಮೇಲೆ ಬಿಳಿಯ ಗೆರೆ ಬೀಳುವುದು ನಿಲ್ಲುವವರೆಗೆ, ಒಟ್ಟು ನಾಲ್ಕು ಸಲ, ಪ್ರತಿ ಸಲವೂ ಹೊಸ ಬಟ್ಟೆಯಲ್ಲಿ. ಹಳೆಯ ಕವಚದ ಐದು ತಿರುಪುಗಳನ್ನು ಬಿಚ್ಚಿ, ಎರಡೂ ಸುರುಳಿಗಳನ್ನು ಶುದ್ಧವಾದ ಬೇರೆ ಕವಚಕ್ಕೆ ವರ್ಗಾಯಿಸಿದೆ. ಮುದುಡಿದ ಭಾಗವನ್ನು ಬೆರಳಿನಿಂದ ನೀವಿ ಸರಿಮಾಡುವ ಆಸೆಯನ್ನು ತಡೆದುಕೊಂಡೆ. ಮಡಿಕೆ ಬಿದ್ದ ಕಡೆ ಕಾಂತೀಯ ಲೇಪ ಈಗಾಗಲೇ ಬಿರುಕು ಬಿಟ್ಟಿರುತ್ತದೆ, ಉಜ್ಜಿದರೆ ಉಳಿದದ್ದೂ ಉದುರುತ್ತದೆ.

ಗಾಯದ ಸ್ವರೂಪವನ್ನು ತಿಳಿಯದೆ ರಿಪೇರಿ ಮಾಡಲಾಗದು, ಆದ್ದರಿಂದ ಟೇಪಿನ ಮೇಲೆ ಚಿತ್ರ ಹೇಗೆ ಕುಳಿತಿರುತ್ತದೆಂಬುದನ್ನು ಇಲ್ಲಿ ಹೇಳಬೇಕು. ಆಗ ನಮ್ಮ ದೇಶದಲ್ಲಿದ್ದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಪ್ರತಿ ಫ್ರೇಮಿನಲ್ಲಿ ಎರಡು ಫೀಲ್ಡುಗಳು, ಒಂದರಲ್ಲಿ ಸಮ ಸಂಖ್ಯೆಯ ಗೆರೆಗಳು, ಇನ್ನೊಂದರಲ್ಲಿ ಬೆಸ ಸಂಖ್ಯೆಯವು. ಎರಡು ಫೀಲ್ಡುಗಳ ನಡುವೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಕಾಲ ಕಳೆದಿರುತ್ತದೆ. ವಿಎಚ್‌ಎಸ್ ಯಂತ್ರದ ಹೆಡ್ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅದರ ಮೇಲಿನ ಎರಡು ಹೆಡ್ಡುಗಳಲ್ಲಿ ಪ್ರತಿಯೊಂದೂ ಒಂದು ಸುತ್ತಿಗೆ ಒಂದು ಫೀಲ್ಡನ್ನು ಟೇಪಿನ ಮೇಲೆ ಓರೆಯಾದ ಒಂದೇ ಗೀಟಾಗಿ ಬರೆಯುತ್ತದೆ. ಟೇಪಿನ ಮೇಲಂಚಿನಲ್ಲಿ ದನಿಯ ಪಟ್ಟಿ, ಕೆಳ ಅಂಚಿನಲ್ಲಿ ಕಂಟ್ರೋಲ್ ಟ್ರ್ಯಾಕ್ ಎಂಬ ಇನ್ನೊಂದು ಪಟ್ಟಿ. ಓರೆಗೀಟುಗಳ ಮೇಲೆ ಹೆಡ್ಡು ಸರಿಯಾಗಿ ಕೂರುವಂತೆ ಟೇಪಿನ ಓಟವನ್ನು ನಿಯಂತ್ರಿಸುವುದು ಈ ಕೆಳಪಟ್ಟಿಯ ಮಿಡಿತ. ನಮ್ಮ ಟೇಪು ಮುದುಡಿದ್ದು ಕೆಳ ಅಂಚಿನಲ್ಲಿ. ಅಲ್ಲಿ ಆ ಮಿಡಿತವೇ ಹರಿದುಹೋಗಿ, ಮಡಿಕೆ ತಾಗದ ಗೀಟುಗಳನ್ನೂ ಯಂತ್ರಕ್ಕೆ ಓದಲಾಗುತ್ತಿರಲಿಲ್ಲ. ಟೇಪಿನ ವೇಗ ಸೆಕೆಂಡಿಗೆ 2.339 ಸೆಂ.ಮೀ. ಮಾತ್ರ. ಪರದೆಯ ಮೇಲೆ ಎಂಟೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ಬರಿಯ ಹಿಮದಂತೆ ಕಾಣುತ್ತಿದ್ದ ಗಾಯ ನಿಜದಲ್ಲಿ ಸುಮಾರು 20 ಸೆಂ.ಮೀ. ಟೇಪು. ಬೂಷ್ಟಿನ ಗಾಯಗಳ ಬಗೆ ಬೇರೆ. ಅಲ್ಲಲ್ಲಿ ಲೇಪ ಮಾಸಿದ ಕಡೆ ಚಿತ್ರದಲ್ಲಿ ಅಡ್ಡಪಟ್ಟಿಯಾಗಿ ಬಿಳಿಗೆರೆಗಳು ಹಾಯುತ್ತವೆ, ಅದೇ ಫ್ರೇಮಿನ ಉಳಿದ ಭಾಗ ಚೆನ್ನಾಗಿಯೇ ಇರುತ್ತದೆ.

ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಹಿಡಿಯುವ ಕೆಲಸಕ್ಕೆ ಗೆರೆಗಳನ್ನು ನೇರಮಾಡುವ ಟೈಮ್ ಬೇಸ್ ಕರೆಕ್ಟರ್ ಇರುವ ಎಸ್-ವಿಎಚ್‌ಎಸ್ ಡೆಕ್ ಒಂದನ್ನು ಬಳಸಿದೆ. ಎರಡೂ ಕ್ಯಾಸೆಟ್ಟುಗಳಿಗೆ ಅದೇ ಡೆಕ್, ಅದೇ ಎಸ್-ವಿಡಿಯೊ ತಂತಿ, ವರ್ಚುವಲ್‌ಡಬ್ ಎಂಬ ಹಿಡಿಯುವ ತಂತ್ರಾಂಶದಲ್ಲಿ ಅದೇ ಹೊಳಪು ಮತ್ತು ಬಣ್ಣದ ಸೆಟ್ಟಿಂಗು. ಯಂತ್ರ ಬೇರೆಯಾದರೆ ಎರಡು ಪ್ರತಿಗಳ ನಡುವಿನ ವ್ಯತ್ಯಾಸಕ್ಕೆ ಯಂತ್ರಗಳ ವ್ಯತ್ಯಾಸವೂ ಸೇರಿಕೊಂಡು, ಆಮೇಲೆ ಯಾವುದು ಯಾವುದರಿಂದ ಬಂದದ್ದೆಂದು ಬಿಡಿಸಲಾಗದು. ಹೆಡ್ಡನ್ನು ಪ್ರತಿ ಓಟದ ಮೊದಲೂ ಶುಚಿಮಾಡಿದೆ. ಆಲ್ಕೊಹಾಲು ಹಚ್ಚಿದ ಚರ್ಮದ ಕಡ್ಡಿಯನ್ನು ಅಲುಗಾಡದಂತೆ ಹಿಡಿದು ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಹೆಡ್ಡಿನ ತುದಿ ಮುರಿಯುತ್ತದೆ. 720×576 ಗಾತ್ರದ ಚಿತ್ರವನ್ನು ಒತ್ತದೆ ಉಳಿಸಿದರೆ ಸೆಕೆಂಡಿಗೆ 20.7 ಮೆಗಾಬೈಟ್, 2 ಗಂಟೆ 52 ನಿಮಿಷದ ನಮ್ಮ ಟೇಪಿಗೆ 214 ಗಿಗಾಬೈಟ್ ಆಗುತ್ತದೆ. ನಷ್ಟವಿಲ್ಲದೆ ಒತ್ತುವ ಹಫ್‌ವೈಯುವಿ ಕೋಡೆಕ್‌ನಿಂದ ಅದು ಅರ್ಧದ ಆಸುಪಾಸಿಗೆ ಇಳಿಯಿತು. ಎಂಪಿಇಜಿ ಮಾದರಿಯಲ್ಲಿ ಹಿಡಿದಿದ್ದರೆ ಈ ಕೆಲಸ ಸಾಧ್ಯವೇ ಇರಲಿಲ್ಲ. ಅಲ್ಲಿ ಹೆಚ್ಚಿನ ಫ್ರೇಮುಗಳು ನೆರೆಯ ಫ್ರೇಮುಗಳನ್ನು ಆಧರಿಸಿ ಬರೆದವು, ಗಾಯಗೊಂಡ ಒಂದು ಫ್ರೇಮಿನ ಕೊಳೆ ಪಕ್ಕದ ಹತ್ತಕ್ಕೂ ಹರಡುತ್ತದೆ.

ಮೂಲ ಟೇಪನ್ನು ಒಮ್ಮೆಯಲ್ಲ, ಮೂರು ಸಲ ಹಿಡಿದೆ. ಇನ್ನೊಂದು ಪ್ರತಿಯನ್ನು ಅರಸಿ ದೂರ ಹೋಗುವ ಮೊದಲು ಅದೇ ಟೇಪಿನ ಇನ್ನೊಂದು ಓಟವೂ ಒಂದು ಪ್ರತಿಯೇ ಎಂಬುದನ್ನು ಮರೆಯಬಾರದು. ಲೇಪವೇ ಉದುರಿದ ಕಡೆ ಮೂರು ಓಟಗಳಲ್ಲೂ ಗಾಯ ಒಂದೇ ಜಾಗದಲ್ಲಿ ಕಾಣುತ್ತದೆ. ಆದರೆ ಟ್ರ್ಯಾಕಿಂಗ್, ಅಂದರೆ ಓರೆಗೀಟಿನ ಮೇಲೆ ಹೆಡ್ಡು ಕೂರುವ ಹೊಂದಿಕೆ, ತುಸು ಜಾರಿದ್ದರಿಂದಲೋ, ಹೆಡ್ಡಿಗೆ ಧೂಳು ಸಿಕ್ಕಿದ್ದರಿಂದಲೋ ಆದ ಕಲೆಗಳು ಒಂದು ಓಟದಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಟ್ರ್ಯಾಕಿಂಗನ್ನು ಓಟದಿಂದ ಓಟಕ್ಕೆ ಸ್ವಲ್ಪ ಬದಲಿಸಿ, ಆದೇಶಗಳನ್ನು ಬರೆದು ವಿಡಿಯೊ ತಿದ್ದುವ ಅವಿಸಿಂತ್ ತಂತ್ರಾಂಶದಲ್ಲಿ ಮೂರನ್ನೂ ಜೋಡಿಸಿ, ಪ್ರತಿ ಬಿಂದುವಿಗೂ ಮೂರು ಬೆಲೆಗಳ ನಡುವಿನ ಬೆಲೆಯನ್ನು ಆರಿಸಿಕೊಳ್ಳುವ ಮೀಡಿಯನ್ ಫಿಲ್ಟರನ್ನು ಕೆಟ್ಟ ಜಾಗಗಳಿಗೆ ಮಾತ್ರ ಹಾಯಿಸಿದೆ. ಮೊದಲ ಓಟದಲ್ಲಿ 3,870 ಕೆಟ್ಟ ಫ್ರೇಮುಗಳಿದ್ದವು. ಇದಾದ ಮೇಲೆ ಉಳಿದವು 2,340. ಬಳ್ಳಾರಿಯ ಪ್ರತಿಯನ್ನು ಮುಟ್ಟುವ ಮೊದಲೇ 1,530 ಫ್ರೇಮುಗಳು ಮೂಲದ ಸ್ಪಷ್ಟತೆಯಲ್ಲಿಯೇ ಮರಳಿ ಸಿಕ್ಕವು. ಕೆಟ್ಟ ಫ್ರೇಮುಗಳ ಪಟ್ಟಿಯನ್ನು ತಂತ್ರಾಂಶದಿಂದ ಮಾಡಿಸಲು ಯತ್ನಿಸಿ ಕೈಬಿಟ್ಟೆ. ಮಿಂಚುವ ಕಿರೀಟ, ಭುಜಕೀರ್ತಿಗಳ ಕನ್ನಡಿಚೂರುಗಳನ್ನೆಲ್ಲ ಅದು ಗಾಯವೆಂದೇ ತಿಳಿಯುತ್ತಿತ್ತು. ಕೊನೆಗೆ ಸುಮಾರು 2,58,000 ಫ್ರೇಮುಗಳನ್ನು ಕಣ್ಣಿನಿಂದಲೇ ನೋಡಿ ಮುಗಿಸಲು ಹನ್ನೆರಡು ರಾತ್ರಿ ಬೇಕಾಯಿತು.

ಇನ್ನು ನಿಜವಾದ ಕಷ್ಟದ ಭಾಗ. ಮೂಲದ ಇಂಥ ಫ್ರೇಮಿಗೆ ಪ್ರತಿಯ ಯಾವ ಫ್ರೇಮು ಸರಿಸಮ ಎಂದು ಕಂಡುಹಿಡಿಯುವುದು ಕೂಡಿಸುವ ಲೆಕ್ಕವೊಂದರಿಂದ ಮುಗಿಯುತ್ತದೆಂದು ನಾನು ಭಾವಿಸಿದ್ದೆ. ಆರಂಭದಲ್ಲಿ ಎರಡರ ನಡುವಿನ ಅಂತರ 214 ಫ್ರೇಮು: ಮೂಲದ ಸಂಖ್ಯೆಗೆ 214 ಕೂಡಿಸಿದರೆ ಪ್ರತಿಯ ಸಂಖ್ಯೆ ಸಿಗುತ್ತಿತ್ತು. ಅರ್ಧ ಗಂಟೆಯ ಹೊತ್ತಿಗೆ ಅದು 216 ಆಗಿತ್ತು, ಕೊನೆಯಲ್ಲಿ 226. ಗಾಯದ ಜಾಗದಲ್ಲಿ ಫೀಲ್ಡಿನ ಆರಂಭವನ್ನು ಸೂಚಿಸುವ ಸಿಂಕ್ ಮಿಡಿತ ಕಾಣದಾದಾಗ ಹಿಡಿಯುವ ಸಾಧನ ಒಂದು ಫ್ರೇಮನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಹಿಂದಿನದನ್ನೇ ಮತ್ತೊಮ್ಮೆ ಕೊಡುತ್ತದೆ. ಅಂದರೆ ಅಂತರ ಬದಲಾಗುವುದು ರಿಪೇರಿ ಬೇಕಾದ ಜಾಗಗಳಲ್ಲಿಯೇ. ಹಾಗಾಗಿ ಪ್ರತಿ ಗಾಯಕ್ಕೂ ಅದರ ಮುಂಚಿನ ಅಂತರವನ್ನೂ ಅನಂತರದ ಅಂತರವನ್ನೂ ಬೇರೆ ಬೇರೆಯಾಗಿ ಅಳೆಯಬೇಕಾಯಿತು.

ಅಳೆಯಲು ಗುರುತುಗಳು ಬೇಕು. ಒಂದೇ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ಆದ್ದರಿಂದ ದೃಶ್ಯ ಕಡಿದು ಬದಲಾಗುವ ಜಾಗಗಳು ಬಹಳ ಕಡಿಮೆ. ಅನಿರೀಕ್ಷಿತವಾಗಿ ನೆರವಿಗೆ ಬಂದದ್ದು ಆ ರಾತ್ರಿ ಸ್ಟುಡಿಯೊದಿಂದ ಬಂದಿದ್ದ ಫೋಟೊಗ್ರಾಫರ್. ಅವರ ಫ್ಲ್ಯಾಶ್ ಒಂದು ಫೀಲ್ಡಿನ ಕಾಲಕ್ಕಿಂತಲೂ ಎಷ್ಟೋ ಕಡಿಮೆ ಹೊತ್ತು ಬೆಳಗುತ್ತದೆ; ಆದ್ದರಿಂದ ಅದು ಒಂದೇ ಒಂದು ಫೀಲ್ಡಿನಲ್ಲಿ ಮಾತ್ರ ಮೂಡಿ, ಫ್ರೇಮನ್ನು ಹಿಗ್ಗಿಸಿ ನೋಡಿದರೆ ಒಂದು ಬಿಟ್ಟು ಒಂದು ಗೆರೆ ಬೆಳ್ಳಗಾಗಿರುತ್ತದೆ. ಮೂಲದಲ್ಲಿ ಮೇಲಿನ ಫೀಲ್ಡಿನಲ್ಲಿದ್ದ (ಚಿತ್ರದ ಮೊದಲ ಗೆರೆಯಿಂದ ಶುರುವಾಗುವ ಫೀಲ್ಡು) ಫ್ಲ್ಯಾಶ್ ಪ್ರತಿಯಲ್ಲೂ ಮೇಲಿನ ಫೀಲ್ಡಿನಲ್ಲಿಯೇ ಇತ್ತು. ವಿಸಿಆರ್‌ನಿಂದ ವಿಸಿಆರ್‌ಗೆ ಪ್ರತಿ ತೆಗೆಯುವಾಗ ಸಿಂಕ್ ಮಿಡಿತಗಳೂ ಜೊತೆಗೇ ಸಾಗುವುದರಿಂದ ಫೀಲ್ಡುಗಳ ಕ್ರಮ ಕೆಡುವುದಿಲ್ಲವೆಂಬುದಕ್ಕೆ ಅದು ಖಾತ್ರಿ ನೀಡಿತು. ಇಡೀ ಟೇಪಿನಲ್ಲಿ ಇಂಥ ಫ್ಲ್ಯಾಶ್‌ಗಳು ಒಂಬತ್ತು. ಅವುಗಳ ನಡುವಿನ ಜಾಗಗಳಿಗೆ ಚೆಂಡೆಯನ್ನು ಆಶ್ರಯಿಸಿದೆ. ಚೆಂಡೆಯ ಪೆಟ್ಟು ದನಿಯ ಅಲೆಯಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ. 48,000 ಹರ್ಟ್ಸ್‌ನಲ್ಲಿ ಹಿಡಿದ ದನಿಯಲ್ಲಿ ಒಂದು ಫ್ರೇಮಿಗೆ 1,920 ಮಾದರಿಗಳು ಬರುವುದರಿಂದ, ಪೆಟ್ಟಿನ ಆರಂಭವನ್ನು ಫ್ರೇಮಿಗಿಂತಲೂ ಸೂಕ್ಷ್ಮವಾಗಿ ಗುರುತಿಸಬಹುದು. ಜಾಗಟೆ ಇದಕ್ಕೆ ಒಗ್ಗದು, ಅದರ ನಾದ ನಿಧಾನವಾಗಿ ಅರಳುತ್ತದೆ. ಕೊನೆಯ ಪರೀಕ್ಷೆ ಕಣ್ಣಿನದು: ಎರಡು ಫ್ರೇಮುಗಳನ್ನು ಒಂದರಿಂದ ಒಂದನ್ನು ಕಳೆದು ತೋರಿಸುವ ಸಬ್‌ಟ್ರಾಕ್ಟ್ ಆದೇಶವನ್ನು ಓಡಿಸಿದರೆ, ಸರಿಯಾಗಿ ಕೂಡಿದಲ್ಲಿ ಪರದೆ ಬರಿಯ ಬೂದುಬಣ್ಣವಾಗಿ ಅಂಚುಗಳು ಮಾತ್ರ ತೆಳ್ಳಗೆ ಕಾಣುತ್ತವೆ. ಒಂದೇ ಫ್ರೇಮು ತಪ್ಪಿದರೂ ಬೀಸುವ ಕೈ ಎರಡಾಗಿ ಕಾಣುತ್ತದೆ.

ಮುದುಡಿದ ಜಾಗದ ಮುಂಚೆ ಅಂತರ 219 ಇತ್ತು, ಅನಂತರ 223. ಮೂಲದ ಕಡತದಲ್ಲಿ ಅಲ್ಲಿ ಕೆಟ್ಟ ಫ್ರೇಮುಗಳು 212, ಆದರೆ ರಂಗಸ್ಥಳದಲ್ಲಿ ಆ ಹೊತ್ತಿನಲ್ಲಿ ಕಳೆದದ್ದು 216 ಫ್ರೇಮುಗಳ ಕಾಲ ಎಂಬುದು ಇದರ ಅರ್ಥ. ನಾಲ್ಕು ಫ್ರೇಮು, ಅಂದರೆ 160 ಮಿಲಿಸೆಕೆಂಡಿನಷ್ಟು ಚಿತ್ರವನ್ನು ಹಿಡಿಯುವ ಸಾಧನ ನುಂಗಿಹಾಕಿತ್ತು. ದನಿ ಮಾತ್ರ ಕಡಿಯದೆ ಓಡಿತ್ತು. ಆ ಜಾಗದಿಂದ ಮುಂದೆ ಅರ್ಥಗಾರಿಕೆಯ ಮಾತು ತುಟಿಗಿಂತ ಹಿಂದೆ ಬೀಳುತ್ತಿದ್ದುದರ ಕಾರಣ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಸಂಖ್ಯೆಗೆ ಸಂಖ್ಯೆಯಾಗಿ ಬದಲಾಯಿಸುವ ರಿಪ್ಲೇಸ್‌ಫ್ರೇಮ್ಸ್‌ಸಿಂಪಲ್ ಆದೇಶ ಇಲ್ಲಿ ಸಲ್ಲದು. ಟ್ರಿಮ್ ಆದೇಶದಿಂದ ಮೂಲವನ್ನು ಗಾಯದ ಎರಡೂ ಬದಿಗೆ ಕತ್ತರಿಸಿ, ನಡುವೆ ಪ್ರತಿಯ 216 ಫ್ರೇಮುಗಳನ್ನು ಸೇರಿಸಿದೆ. ತುಟಿ ಮತ್ತು ಮಾತು ಒಂದಾದವು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುತ್ತೇನೆ. ಅವಿಸಿಂತ್‌ನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಟ್ರಿಮ್‌ನಲ್ಲಿ ಕೊಟ್ಟ ಕೊನೆಯ ಸಂಖ್ಯೆಯ ಫ್ರೇಮೂ ಒಳಗೊಳ್ಳುತ್ತದೆ. ನನ್ನ ನೋಟುಬುಕ್ಕಿನ ಮೊದಲ ಎರಡು ಪುಟಗಳಲ್ಲಿ ಒಂದರಿಂದ ಎಣಿಸಿದ್ದೆ. ಅದರಿಂದಾಗಿ ಹದಿನಾಲ್ಕು ಜಾಗಗಳಲ್ಲಿ ಒಳ್ಳೆಯ ಫ್ರೇಮು ಹೋಗಿ ಕೆಟ್ಟ ಫ್ರೇಮು ಉಳಿದಿತ್ತು, ಅವನ್ನೆಲ್ಲ ಮತ್ತೆ ಮಾಡಿದೆ.

ಸರಿಸಮವಾದ ಫ್ರೇಮು ಸಿಕ್ಕಿತೆಂದರೆ ಅದನ್ನು ಹಾಗೆಯೇ ತಂದು ಕೂರಿಸಲಾಗುವುದಿಲ್ಲ. ಪ್ರತಿಯ ಚಿತ್ರ ಮೂಲಕ್ಕಿಂತ ಆರು ಬಿಂದು ಬಲಕ್ಕೆ ಸರಿದಿತ್ತು, ಕಪ್ಪು ಅಷ್ಟು ಕಪ್ಪಾಗಿರಲಿಲ್ಲ, ಬಿಳಿ ಅಷ್ಟು ಬೆಳ್ಳಗಿರಲಿಲ್ಲ, ಬಣ್ಣ ಎರಡು ಗೆರೆ ಕೆಳಕ್ಕೆ ಇಳಿದಿತ್ತು. ವಿಎಚ್‌ಎಸ್‌ನಲ್ಲಿ ಬಣ್ಣದ ಸಂಕೇತವನ್ನು 627 ಕಿಲೊಹರ್ಟ್ಸ್‌ಗೆ ಇಳಿಸಿ ಬೇರೆಯಾಗಿ ಬರೆಯುವುದರಿಂದ, ಓದುವಾಗ ಗೆರೆಗಳನ್ನು ಒಂದರೊಡನೊಂದು ಬೆರೆಸಿ ಶುದ್ಧಮಾಡಬೇಕಾಗುತ್ತದೆ. ಪ್ರತಿ ಪೀಳಿಗೆಯಲ್ಲೂ ಬಣ್ಣ ಇನ್ನಷ್ಟು ಕೆಳಗಿಳಿಯುವುದು ಅದರಿಂದಲೇ. ಸಣ್ಣಜ್ಜನ ಕೆಂಪು ದಗಲೆಯ (ವೇಷದ ಅಂಗಿಯ) ಕೆಂಪು ಪ್ರತಿಯಲ್ಲಿ ಸೊಂಟದ ಪಟ್ಟಿಯ ಮೇಲೂ ಹರಿದಿತ್ತು. ಬಣ್ಣದ ಪದರವನ್ನು ಮಾತ್ರ ಮೇಲೆತ್ತಿ ಸರಿಪಡಿಸಿದೆ. ಎತ್ತುವಾಗ ಫೀಲ್ಡುಗಳನ್ನು ಬೇರ್ಪಡಿಸಿಯೇ ಎತ್ತಬೇಕು. ಪೂರ್ಣ ಫ್ರೇಮನ್ನು ಒಂದು ಗೆರೆಯಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಸಮಗೆರೆಗಳ ಜಾಗಕ್ಕೆ ಬೆಸಗೆರೆಗಳು ಬಂದು, ಕಾಲವೇ ಹಿಂದುಮುಂದಾಗುತ್ತದೆ. ನಿಂತ ವೇಷದಲ್ಲಿ ಅದು ಗೊತ್ತಾಗುವುದಿಲ್ಲ. ದಿಗಿಣ ಹಾಕುವ, ಅಂದರೆ ಸುತ್ತುತ್ತ ಜಿಗಿಯುವ, ವೇಷದಲ್ಲಿ ಚಿತ್ರ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತದೆ. ಹೊಳಪನ್ನು ಹೊಂದಿಸಲು ಪ್ರತಿ ಗಾಯದ ಎರಡೂ ಬದಿಯ 50 ಒಳ್ಳೆಯ ಫ್ರೇಮುಗಳನ್ನು ಎರಡೂ ಪ್ರತಿಗಳಲ್ಲಿ ಅಳೆದು, ಅಲ್ಲಿ ಕಂಡ ವ್ಯತ್ಯಾಸವನ್ನು ನಡುವಿನ ಫ್ರೇಮುಗಳಿಗೆ ಅನ್ವಯಿಸಿದೆ. ಇಡೀ ಟೇಪಿಗೆ ಒಂದೇ ತಿದ್ದುಪಡಿ ಸಾಲಲಿಲ್ಲ. ಬೆಳಗಾಗುತ್ತ ಬಂದಂತೆ ಆಕಾಶದ ಬೆಳಕು ದೃಶ್ಯಕ್ಕೆ ಸೇರಿ ಹೊಳಪಿನ ಹಂಚಿಕೆಯೇ ಬದಲಾಗುತ್ತದೆ.

ಗಾಯ ಅಡ್ಡಪಟ್ಟಿಯಷ್ಟೇ ಆಗಿದ್ದ ಕಡೆ ಪೂರ್ಣ ಫ್ರೇಮನ್ನು ಬದಲಾಯಿಸಲು ಮನಸ್ಸು ಒಪ್ಪಲಿಲ್ಲ. ಮೂಲದಲ್ಲಿ ಸಣ್ಣಜ್ಜನ ಮುಖ ಸ್ಪಷ್ಟವಾಗಿದ್ದು ಕಾಲಬಳಿ ಮಾತ್ರ ಕಲೆಯಿದ್ದರೆ, ಮುಖವನ್ನೂ ಮಂಕು ಪ್ರತಿಯಿಂದ ತರುವುದೇಕೆ? ಮೊದಲು ಕೆಟ್ಟ ಫೀಲ್ಡನ್ನು ಮಾತ್ರ ಬದಲಾಯಿಸಿ, ಒಳ್ಳೆಯ ಫೀಲ್ಡನ್ನು ಉಳಿಸಿ, ವೀವ್ ಆದೇಶದಿಂದ ಮತ್ತೆ ಹೆಣೆದು ನೋಡಿದೆ. ಎರಡು ಪೀಳಿಗೆಯ ಗೆರೆಗಳು ಒಂದರ ಪಕ್ಕ ಒಂದು ಕುಳಿತಾಗ ಹೊಳಪಿನ ಅತಿ ಸಣ್ಣ ವ್ಯತ್ಯಾಸವೂ ಮಿನುಗಾಗಿ ಕಾಣಿಸಿತು. ಆ ದಾರಿಯನ್ನು ಬಿಟ್ಟು, ಪಟ್ಟಿಯಷ್ಟೇ ಜಾಗಕ್ಕೆ ಎರಡೂ ಫೀಲ್ಡುಗಳಲ್ಲಿ ಮಾಸ್ಕ್ ಬರೆದು, ಅದರ ಅಂಚನ್ನು ಎಂಟು ಗೆರೆಗಳಷ್ಟು ಅಗಲದಲ್ಲಿ ಮೆಲ್ಲಗೆ ಕರಗಿಸಿ, ಪ್ರತಿಯ ಚಿತ್ರವನ್ನು ಅದರೊಳಗೆ ಮಾತ್ರ ತಂದೆ. ಹೀಗೆ ಮಾಡಿದವು 835 ಫ್ರೇಮುಗಳು. ಉದ್ದನೆಯ ಗಾಯಗಳ ಎರಡೂ ತುದಿಯಲ್ಲಿ, ಎರಡು ಪ್ರತಿಗಳೂ ಚೆನ್ನಾಗಿರುವ ನಾಲ್ಕು ಫ್ರೇಮುಗಳಲ್ಲಿ ಮೂಲವನ್ನು ಇಳಿಸುತ್ತ ಪ್ರತಿಯನ್ನು ಏರಿಸುತ್ತ ಬೆರೆಸಿದೆ. ಎರಡೂ ಒಂದೇ ಕ್ಷಣದ ಚಿತ್ರಗಳಾದ್ದರಿಂದ ಈ ಬೆರಕೆಯಲ್ಲಿ ಸುಳ್ಳೇನೂ ಇಲ್ಲ. ಕಣ್ಣಿಗೆ ತಟ್ಟುವುದು ಮಂಕಿಗಿಂತಲೂ ಮಂಕು ಥಟ್ಟನೆ ಶುರುವಾಗುವುದು. ಆ ತಟ್ಟು ಇದರಿಂದ ಅಡಗಿತು. ಪ್ರತಿಯ ಫ್ರೇಮುಗಳನ್ನು ಚೂಪುಮಾಡಲು ಹೋಗಲಿಲ್ಲ. ಚೂಪುಮಾಡಿದರೆ ಹೆಚ್ಚಾಗುವುದು ಟೇಪಿನ ಗದ್ದಲ, ಕಣ್ಣಿನ ಕಾಡಿಗೆಯ ಗೆರೆಯಲ್ಲ.

ನ್ಯಾಯವಾಗಿ ಪರೀಕ್ಷಿಸಿಯೇ ಬಿಡೋಣವೆಂದು, ಮುಂಚಿನ ಮತ್ತು ಅನಂತರದ ಫ್ರೇಮುಗಳ ಚಲನೆಯನ್ನು ಲೆಕ್ಕಹಾಕಿ ನಡುವಿನದನ್ನು ತಾನೇ ಸೃಷ್ಟಿಸುವ ತಂತ್ರಾಂಶವನ್ನೂ ಒಂದು ಸಣ್ಣ ಗಾಯದ ಮೇಲೆ ಓಡಿಸಿದೆ. ಹಿನ್ನೆಲೆಯ ಪರದೆ, ನಿಂತ ಹಿಮ್ಮೇಳದವರು, ತೋರಣ ಎಲ್ಲವೂ ನಂಬುವಂತೆ ಬಂದವು. ತಿರುಗುತ್ತಿದ್ದ ಭೀಮನ ಗದೆಗೆ ಎರಡು ತಲೆ ಬಂದವು, ಕೈಬೆರಳುಗಳು ಕರಗಿ ಹೋದವು. ಪ್ರೇಕ್ಷಕನಿಗೆ ಅದು ಕಾಣದಷ್ಟು ವೇಗವಾಗಿ ಹೋಗಬಹುದು. ಆದರೆ ನಾಳೆ ಯಾರಾದರೂ ಮಕ್ಕಳು ಈ ಕಡತವನ್ನು ನಿಲ್ಲಿಸಿ ನಿಲ್ಲಿಸಿ ಹೆಜ್ಜೆ ಕಲಿಯಲು ಕುಳಿತರೆ, ಸಣ್ಣಜ್ಜ ಎಂದೂ ಹಿಡಿಯದ ಹಸ್ತವನ್ನು ಅವರದೆಂದು ತೋರಿಸಿದಂತಾಗುತ್ತದೆ. ದೊಡ್ಡ ಮಟ್ಟದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ ಕೆಲಸವೆಂದರೆ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಪುನರುಜ್ಜೀವನ. 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿನ ಬೆಂಕಿಯಲ್ಲಿ ಸುಟ್ಟ ಮೂಲ ನೆಗೆಟಿವ್‌ಗಳಲ್ಲಿ ಉಳಿಸಬಹುದಾದಷ್ಟನ್ನು ಇಟಲಿಯ ಬೊಲೊನ್ಯದ ಕುಶಲಿಗಳು ಕೈಯಿಂದ ಸರಿಪಡಿಸಿ ಸ್ಕ್ಯಾನ್ ಮಾಡಿ, ಉಳಿಯದ ಭಾಗಗಳಿಗೆ ಇತರ ಸಂಗ್ರಹಗಳಲ್ಲಿದ್ದ ಪ್ರತಿಗಳನ್ನು ತಂದು ಜೋಡಿಸಿದರು. 2015ರಲ್ಲಿ ಬಿಡುಗಡೆಯಾದ ಆ ರೂಪದಲ್ಲಿ ಕೊನೆಯ ಚಿತ್ರವಂತೂ ಪೂರ್ತಿಯಾಗಿ ಇಂಥ ಪ್ರತಿಗಳಿಂದಲೇ ಬಂದದ್ದು. ನನ್ನ ಕೆಲಸ ಅದರ ಮುಂದೆ ಎಳ್ಳಿನಷ್ಟು. ಆದರೂ ಮೇಜಿನ ಮೇಲೆ ಎರಡು ಪ್ರತಿಗಳನ್ನಿಟ್ಟುಕೊಂಡು ಕುಳಿತಾಗ ಪಾಲಿಸಬೇಕಾದ ಕ್ರಮ ಒಂದೇ ಎಂದು ಅದರಿಂದ ಧೈರ್ಯ ಬಂತು.

ದನಿಯ ರಿಪೇರಿ ಚಿತ್ರಕ್ಕಿಂತ ಸುಲಭವಾಗಿತ್ತು. ಮೇಲಂಚಿಗೆ ಗಾಯ ತಾಗಿದ್ದ ಮೂರು ಕಡೆ ಮಾತ್ರ ಭಾಗವತರ ಪದ ಅಲುಗುತ್ತಿತ್ತು. ಪ್ರತಿಯ ದನಿಯನ್ನು ತಂದು, ಎರಡೂ ತುದಿಯ ಚೆಂಡೆಪೆಟ್ಟುಗಳನ್ನು ಹೊಂದಿಸಿ, 10 ಮಿಲಿಸೆಕೆಂಡಿನ ಬೆರಕೆಯಿಂದ ಜೋಡಿಸಿದೆ. ಜೋಡಣೆಯನ್ನು ಚಿತ್ರದ ಕಡಿತದ ಜಾಗದಲ್ಲಿಯೇ ಮಾಡಬೇಕೆಂದಿಲ್ಲ. ಪೆಟ್ಟು ಬೀಳುವುದಕ್ಕೆ ಸ್ವಲ್ಪ ಮೊದಲು ಮಾಡಿದರೆ ಹಿಸ್ಸಿನ ಬದಲಾವಣೆಯನ್ನು ಪೆಟ್ಟೇ ಮರೆಸುತ್ತದೆ.

ಒಟ್ಟು 61 ಜಾಗಗಳಲ್ಲಿ 60 ಸರಿಯಾದವು. ಕೆಟ್ಟ 2,340 ಫ್ರೇಮುಗಳಲ್ಲಿ 1,488ರ ಜಾಗಕ್ಕೆ ಪೂರ್ಣ ಫ್ರೇಮು, 835ಕ್ಕೆ ಪಟ್ಟಿಯಷ್ಟು ಭಾಗ ಪ್ರತಿಯಿಂದ ಬಂದವು. ಉಳಿದ 17 ಒಂದೇ ಜಾಗದವು. ಭೀಮನ ಮೂದಲಿಕೆಯ ನಡುವೆ ಕ್ಯಾಮೆರಾದ ಬ್ಯಾಟರಿ ಮುಗಿದು ಚಿತ್ರ ಕುಸಿಯುವ ಆ ಗಾಯ ರೆಕಾರ್ಡ್ ಆಗುವಾಗಲೇ ಆದದ್ದು, ಪ್ರತಿಗೂ ಅದು ಹಾಗೆಯೇ ಸಾಗಿತ್ತು. ಪ್ರತಿ ತೆಗೆದ ದಿನಕ್ಕಿಂತ ಹಿಂದಿನ ಗಾಯಕ್ಕೆ ಪ್ರತಿಯಲ್ಲಿ ಮದ್ದಿಲ್ಲ. ಆ 17 ಫ್ರೇಮುಗಳನ್ನು ಕತ್ತರಿಸಲೂ ಇಲ್ಲ, ಮುಚ್ಚಲೂ ಇಲ್ಲ, ಇದ್ದ ಹಾಗೆಯೇ ಬಿಟ್ಟೆ. ಉಳಿಸಿಡುವ ಕಡತವನ್ನು ಫೀಲ್ಡುಗಳನ್ನು ಬೆಸೆಯದೆ, ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ಮುಕ್ತ ಕೋಡೆಕ್‌ನಲ್ಲಿ ಮಾಡಿದೆ. ಮನೆಯವರ ಫೋನುಗಳಿಗೆಂದು ಸೆಕೆಂಡಿಗೆ 50 ಫ್ರೇಮಿನ ಚಿಕ್ಕ ಕಡತ ಬೇರೆ. ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ, ಯಾವ ಪ್ರತಿಯಿಂದ, ಪೂರ್ಣವೋ ಅಡ್ಡಪಟ್ಟಿಯೋ ಎಂಬ ವಿವರವನ್ನು ಸಾದಾ ಪಠ್ಯ ಕಡತವಾಗಿ ಜೊತೆಗಿಟ್ಟಿದ್ದೇನೆ. ತಿದ್ದದ ನಾಲ್ಕು ಮೂಲ ಓಟಗಳನ್ನೂ ಅಳಿಸಿಲ್ಲ.

ಬಳ್ಳಾರಿಯ ಕ್ಯಾಸೆಟ್ಟನ್ನು ಚಿಕ್ಕಮ್ಮನಿಗೆ ಹಿಂದಿರುಗಿಸಿದೆ, ಅದು ಮತ್ತೆ ಅದೇ ಟ್ರಂಕಿಗೆ ಹೋಗಿದೆ. ಅದೇ ಆಟದ ಎರಡನೆಯ ಕ್ಯಾಸೆಟ್ಟು ಈಗ ಸಿಲಿಕಾ ಜೆಲ್ ಡಬ್ಬಿಯಲ್ಲಿದೆ. ಅದರ ಪ್ರತಿ ಯಾರ ಮನೆಗೂ ಹೋದ ನೆನಪು ತಂದೆಯವರಿಗಿಲ್ಲ. ಆ ರಾತ್ರಿ ಮದ್ದಳೆ ನುಡಿಸಿದವರ ಮಗಳು ವಿಟ್ಲದ ಕಡೆ ಇದ್ದಾರೆಂದು ತಿಳಿದು, ಅವರ ಮನೆಯ ಅಟ್ಟವನ್ನು ನೋಡಲು ಮುಂದಿನ ಭಾನುವಾರ ಹೋಗುವವನಿದ್ದೇನೆ.